ದೂರವೆಂಬ ಮಾತು: ಹೆಬ್ರಿಡೀಸ್ ದ್ವೀಪಗಳ ಪ್ರವಾಸಕಥನ

ಪ್ರವಾಸಸಾಹಿತ್ಯವನ್ನು ಕುರಿತು ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಅಚ್ಚಾದ ಗ್ರಂಥಗಳನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುತ್ತಾರೆ. ಆದರೆ ಒಂದು ನಾಡನ್ನು ಕುರಿತು ಪರಸ್ಥಳದವರು ಇಂದು ಪಡೆಯುವ ತಿಳಿವಳಿಕೆಯ ದೊಡ್ಡ ಪಾಲು ಗ್ರಂಥಗಳಿಂದ ಬರುವುದಿಲ್ಲ. ಪ್ರವಾಸಿ ಬಸ್ಸಿನ ಮುಂದಿನ ಆಸನದಲ್ಲಿ ಕುಳಿತು ಧ್ವನಿವರ್ಧಕವನ್ನು ಹಿಡಿದ ಮಾರ್ಗದರ್ಶಕನ ಬಾಯಿಂದ ಬರುತ್ತದೆ. ಅವನ ಮಾತಿಗೆ ಆರಂಭವಿದೆ, ಮುಕ್ತಾಯವಿದೆ. ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂಬ ಆಯ್ಕೆಯಿದೆ. ಎಲ್ಲಿ ನಗಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬ ಹದವೂ ಇದೆ. ಇಷ್ಟು ಲಕ್ಷಣಗಳಿರುವ ಮಾತನ್ನು ಸಾಹಿತ್ಯಪ್ರಕಾರವೆಂದು ಪರಿಗಣಿಸದೆ ಬಿಡುವುದು ನ್ಯಾಯವಲ್ಲ. ಪರಿಗಣಿಸಿದ ಮೇಲೆ ಅದನ್ನು ಗುಣದೋಷ ವಿವೇಚನೆಗೆ ಒಳಪಡಿಸದೆ ಬಿಡುವುದೂ ಸಲ್ಲದು.

ಸ್ಕಾಟ್ಲೆಂಡಿನ ವಾಯವ್ಯ ಕಡಲಿನಲ್ಲಿರುವ ಹೆಬ್ರಿಡೀಸ್ ದ್ವೀಪಗಳಲ್ಲಿ ಇಂಥದೊಂದು ಬಸ್ಸಿನ ಪ್ರವಾಸವನ್ನು ನಾವು ಕೆಲವು ವರ್ಷಗಳ ಹಿಂದೆ ಮಾಡಿದೆವು. ಇನ್ವರ್ನೆಸ್ ಪಟ್ಟಣದಿಂದ ಹೊರಟು, ಅಲಪೂಲ್ ಎಂಬ ಬಂದರಿನಲ್ಲಿ ಬಸ್ಸಿನೊಡನೆ ಹಡಗನ್ನೇರಿ, ಎರಡೂವರೆ ಗಂಟೆಗೂ ಮೀರಿದ ಕಡಲ ಪಯಣದ ಬಳಿಕ ಲೂಯಿಸ್ ದ್ವೀಪದ ಸ್ಟಾರ್ನೊವೇಯಲ್ಲಿ ಇಳಿದೆವು. ಅಲ್ಲಿಂದ ದಕ್ಷಿಣಕ್ಕೆ ಹ್ಯಾರಿಸ್, ಅದರಾಚೆ ಉತ್ತರ ಮತ್ತು ದಕ್ಷಿಣ ಯೂಯಿಸ್ಟ್, ಎರಿಸ್ಕೇ. ಬಳಿಕ ಲಾಕ್‌ಮ್ಯಾಡಿಯಿಂದ ಹಡಗಿನಲ್ಲಿ ಸ್ಕೈ ದ್ವೀಪ. ಅಲ್ಲಿಂದ 1995ರಲ್ಲಿ ತೆರೆದ ಸೇತುವೆಯ ಮೂಲಕ ಮತ್ತೆ ಹೆಗ್ಗಡಲಿನಿಂದ ನೆಲಕ್ಕೆ. ಪ್ರಯಾಣಿಕರಲ್ಲಿ ಬಹುಮಂದಿ ಅರುವತ್ತು ದಾಟಿದವರು. ಬಸ್ಸಿಲ್ಲದಿದ್ದರೆ ಅವರಲ್ಲಿ ಅರ್ಧದಷ್ಟು ಜನಕ್ಕೆ ಆ ದ್ವೀಪಗಳನ್ನು ನೋಡುವ ಭಾಗ್ಯವೇ ಇರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇವೆ. ಏಕೆಂದರೆ ಮುಂದೆ ಬರುವ ಆಕ್ಷೇಪಣೆಗಳು ಬಸ್ಸನ್ನು ಕುರಿತವಲ್ಲ, ಬಸ್ಸಿನೊಳಗೆ ನಡೆದ ನಿರೂಪಣೆಯನ್ನು ಕುರಿತವು.

ಆ ನಿರೂಪಣೆಯ ಮೊದಲ ದಿನದ ಮೊದಲ ವಾಕ್ಯದಲ್ಲಿಯೇ ಒಂದು ವಿಶೇಷಣ ಬಂದಿತು: ದೂರದ ದ್ವೀಪಗಳು. ಎಂಟು ದಿನಗಳಲ್ಲಿ ಅದು ಎಷ್ಟು ಸಲ ಮರಳಿ ಬಂದಿತೆಂಬುದನ್ನು ನಾವು ಎಣಿಸಲಿಲ್ಲ, ಎಣಿಸಬೇಕಾಗಿತ್ತು. ದೂರವೆಂಬುದು ಸಾಪೇಕ್ಷವಾದ ಮಾತು. ಎಲ್ಲಿಂದ ದೂರ ಎಂದು ಕೇಳದೆ ಅದಕ್ಕೆ ಅರ್ಥವಿಲ್ಲ. ನಾರ್ವೆಯವರ ಪಾಲಿಗೆ ಇವೇ ದ್ವೀಪಗಳು ‘ದಕ್ಷಿಣ ದ್ವೀಪ’ಗಳಾಗಿದ್ದವು. 1266ರ ಪರ್ತ್ ಒಪ್ಪಂದದವರೆಗೆ ಇವುಗಳ ಮೇಲೆ ಅಧಿಪತ್ಯ ಅವರದಾಗಿತ್ತು. ಸೋಡರ್ ಮತ್ತು ಮ್ಯಾನ್ ಎಂಬ ಕ್ರೈಸ್ತ ಧರ್ಮಪ್ರಾಂತದ ಹೆಸರಿನಲ್ಲಿ ಆ ‘ದಕ್ಷಿಣ’ ಇಂದಿಗೂ ಉಳಿದುಕೊಂಡಿದೆ. ಉತ್ತರದ ತುದಿಯೆಂದು ಲಂಡನ್ನಿನವರು ಕರೆಯುವುದನ್ನು ಇನ್ನೊಬ್ಬರು ತಮ್ಮ ದಕ್ಷಿಣವೆಂದು ಕರೆದಿದ್ದರು! ಆಮೇಲೆ 1493ರವರೆಗೆ ದ್ವೀಪಾಧಿಪತಿಗಳೆಂಬ ಬಿರುದಿನ ಗೇಲಿಕ್ ಅರಸರು ಈ ಕಡಲನ್ನೇ ಹೆದ್ದಾರಿಯಾಗಿ ಮಾಡಿಕೊಂಡು ಆಳಿದರು. ಹ್ಯಾರಿಸ್ಸಿನ ದಕ್ಷಿಣ ತುದಿಯಲ್ಲಿರುವ ರೋಡಲ್ ಚರ್ಚಿನಲ್ಲಿ 1528ರ ಕಾಲನಿರ್ದೇಶವಿರುವ ಒಂದು ಗೋರಿಯಿದೆ. ಅದರ ಕಲ್ಲಿನಲ್ಲಿ ಹಾಯಿ ಬಿಚ್ಚಿದ ಒಂದು ನಾವೆಯನ್ನು ಬಹಳ ಅಂದವಾಗಿ ಕೆತ್ತಿದ್ದಾರೆ. ಸತ್ತ ನಾಯಕನಿಗೆ ಕುದುರೆಯಲ್ಲ, ನಾವೆ ಲಾಂಛನ. ಇಂಥ ಜನಕ್ಕೆ ಕಡಲು ದೂರ ಮಾಡುವ ವಸ್ತುವಾಗಿರಲಿಲ್ಲ. ಅದು ದೂರ ಮಾಡುವ ವಸ್ತುವಾದದ್ದು ಪ್ರಯಾಣವೆಂದರೆ ರಸ್ತೆಯಲ್ಲಿ ನಡೆಯುವುದು ಎಂಬ ಭಾವನೆ ಬಂದ ಮೇಲೆ. ನಮ್ಮ ಬಸ್ಸು ಕಡಲನ್ನು ಸದಾ ಒಂದು ಅಡಚಣೆಯಾಗಿಯೇ ಎದುರಿಸಿತು. ಊರುಗಳನ್ನು ಹಿತ್ತಿಲ ಕಡೆಯಿಂದ ಪ್ರವೇಶಿಸಿತು. ಮಾರ್ಗದರ್ಶಕನು ರೋಡಲ್ಲಿನ ಗೋರಿಯನ್ನು ತೋರಿಸಿ ಕೆತ್ತನೆಯ ಸೊಬಗನ್ನು ಕೊಂಡಾಡಿದನು. ಆದರೆ ಅದೇ ಮಧ್ಯಾಹ್ನ ಮತ್ತೆ ‘ದೂರದ’ ಎಂದನು.

ಈ ಮನೋಭಾವದ ಮೂಲವನ್ನು ಹುಡುಕಿದರೆ ನಾವು ಹದಿನೆಂಟನೆಯ ಶತಮಾನಕ್ಕೆ ಹೋಗಬೇಕಾಗುತ್ತದೆ. ಡಾ|| ಸ್ಯಾಮ್ಯುಅಲ್ ಜಾನ್ಸನ್ನನು 1773ರ ಆಗಸ್ಟಿನಲ್ಲಿ ತನ್ನ ಮಿತ್ರ ಬಾಸ್‌ವೆಲ್ಲನೊಡನೆ ಎಡಿನ್‌ಬರೊದಿಂದ ಹೊರಟು ಸ್ಕೈ, ರಾಸೇ, ಕಾಲ್, ಮಲ್, ಅಯೋನಾ ಮೊದಲಾದ ದ್ವೀಪಗಳನ್ನು ಸುತ್ತಿದನು. ಪ್ರಯಾಣದ ನಡುವೆ, ಡನ್‌ವೇಗನ್ ಕೋಟೆಯಲ್ಲಿದ್ದಾಗ, ಅವನಿಗೆ ಅರುವತ್ತನಾಲ್ಕು ತುಂಬಿತು. ದೃಷ್ಟಿ ಮಂದ, ಶರೀರ ಸ್ಥೂಲ; ಗಾಡಿ ಹೋಗುವ ದಾರಿಯಿಲ್ಲದ ಕಡೆ ಕುದುರೆಯ ಮೇಲೆ, ಕಡಲಿನಲ್ಲಿ ತೆರೆದ ದೋಣಿಯಲ್ಲಿ. ನಮ್ಮ ಬಸ್ಸಿನ ಹಿರಿಯರು ಆಸನ ಇಕ್ಕಟ್ಟೆಂದು ದೂರಿದಾಗಲೆಲ್ಲ ನಮಗೆ ಆ ಮುದುಕನ ನೆನಪು ಬರುತ್ತಿತ್ತು. ಅವನ ಗ್ರಂಥ 1775ರಲ್ಲಿ ಪ್ರಕಟವಾಯಿತು. ಅದೇ ಪ್ರಯಾಣವನ್ನು ಕುರಿತ ಬಾಸ್‌ವೆಲ್ಲನ ದಿನಚರಿ, ಜಾನ್ಸನ್ನನು ತೀರಿಕೊಂಡ ಮರುವರ್ಷ, ಎಂದರೆ 1785ರಲ್ಲಿ, ಹೊರಬಂದಿತು. ಇಂದಿನ ಪ್ರವಾಸದ ನಿರೂಪಣೆಗಳೆಲ್ಲವೂ, ತಿಳಿದೋ ತಿಳಿಯದೆಯೋ, ಈ ಎರಡು ಗ್ರಂಥಗಳ ಸಂತಾನ.

ಜಾನ್ಸನ್ನನ ಗ್ರಂಥದ ಹೃದಯದಲ್ಲಿ ಒಂದು ವಿಷಾದವಿದೆ. ತಾನು ಕಾಣಬೇಕೆಂದು ಬಂದ ಪ್ರಾಚೀನ ಜೀವನಕ್ರಮವನ್ನು ಕಾಣಲು ತಾನು ತಡವಾಗಿ ಬಂದೆನೆಂದು ಅವನು ಹೇಳಿಕೊಳ್ಳುತ್ತಾನೆ. 1746ರ ಕಲ್ಲೊಡೆನ್ ಯುದ್ಧದ ಸೋಲಿನ ನಂತರ ಆಯುಧಗಳನ್ನು ಕಿತ್ತುಕೊಂಡು, ಕುಲನಾಯಕರ ಅಧಿಕಾರವನ್ನು ರದ್ದುಮಾಡಿ, ಉಡುಪನ್ನೂ ನಿಷೇಧಿಸಿದ ಕಾನೂನುಗಳ ಪರಿಣಾಮವನ್ನು ಅವನು ಕಣ್ಣಾರೆ ಕಂಡನು. ವಿಷಾದ ನಿಜವಾದದ್ದೇ. ಆದರೆ ತಡವಾಗಿ ಬಂದವನು ಸುಮ್ಮನೆ ನಿಟ್ಟುಸಿರು ಬಿಡಲಿಲ್ಲ ಎಂಬುದನ್ನು ಮರೆಯಬಾರದು. ಗೇಣಿ ಎಷ್ಟು, ಯಾರು ಯಾರಿಗೆ ಕೊಡುತ್ತಾರೆ, ಗುಡಿಸಲಿನ ಗೋಡೆ ಹೇಗೆ ಕಟ್ಟುತ್ತಾರೆ, ಕಿಟಕಿ ಏಕೆ ತೆರೆಯುವುದಿಲ್ಲ, ಜನ ಏಕೆ ಅಮೆರಿಕಕ್ಕೆ ಹಡಗು ಹತ್ತುತ್ತಿದ್ದಾರೆ — ಅವನ ಪ್ರಶ್ನೆಗಳಿಗೆ ಅಂತ್ಯವಿಲ್ಲ. ದಂಗೆ ಏಳಬಾರದೆಂದು ಜನರೇ ಇಲ್ಲದ ನಾಡನ್ನು ಮಾಡುವುದು ರಾಜನೀತಿಯಲ್ಲವೆಂದು ಅವನು ಖಂಡತುಂಡವಾಗಿ ಬರೆದನು. ಸ್ಕೈ ದ್ವೀಪದಲ್ಲಿ ‘ಅಮೆರಿಕ’ ಎಂಬ ಹೆಸರಿನದೇ ಒಂದು ನೃತ್ಯವಿತ್ತೆಂದು ಬಾಸ್‌ವೆಲ್ಲನು ದಾಖಲಿಸಿದ್ದಾನೆ: ಒಂದು ಜೋಡಿ ಕುಣಿಯತೊಡಗಿದರೆ ಅದು ಇನ್ನೊಂದನ್ನು ಎಳೆದುಕೊಳ್ಳುತ್ತದೆ, ಕೊನೆಗೆ ಎಲ್ಲರೂ ಸುತ್ತುತ್ತಿರುತ್ತಾರೆ. ವಲಸೆಯನ್ನು ಕುರಿತು ಇದಕ್ಕಿಂತ ಸಮರ್ಪಕವಾದ ರೂಪಕವನ್ನು ಯಾವ ಕವಿಯೂ ಕಟ್ಟಲಾರನು.

ಜಾನ್ಸನ್ನನ ದೋಷವೂ ಸಣ್ಣದಲ್ಲ. ಅವನಿಗೆ ಗೇಲಿಕ್ ಭಾಷೆ ತಿಳಿಯದು. ಮೊದಲ ಪ್ರಶ್ನೆಗೆ ಧೈರ್ಯವಾಗಿ ಉತ್ತರ ಕೊಡುವವರು ಎರಡನೆಯ ಪ್ರಶ್ನೆಗೆ ಮೊದಲ ಉತ್ತರವನ್ನೇ ಅಳಿಸಿಹಾಕುತ್ತಾರೆಂದು ಅವನು ದ್ವೀಪದವರ ಮೇಲೆ ದೂರಿದನು. ತನ್ನ ಪ್ರಶ್ನೆ ದುಭಾಷಿಯ ಬಾಯಲ್ಲಿ ಏನಾಗಿರಬಹುದೆಂದು ಅಷ್ಟಾಗಿ ಯೋಚಿಸಲಿಲ್ಲ. ಆ ಭಾಷೆಯಲ್ಲಿ ನೂರು ವರ್ಷ ಹಳೆಯದಾದ ಹಸ್ತಪ್ರತಿಯೊಂದೂ ಇಲ್ಲವೆಂದು ಘೋಷಿಸಿದನು. ಲಿಸ್ಮೋರ್ ಡೀನನ ಗ್ರಂಥವೆಂದು ಹೆಸರಾದ ಕಾವ್ಯಸಂಕಲನದ ಹಸ್ತಪ್ರತಿ 16ನೆಯ ಶತಮಾನದ ಪೂರ್ವಾರ್ಧದ್ದು. ಅಂದರೆ ಅವನು ಆ ಮಾತನ್ನು ಬರೆದ ದಿನ ಅದಕ್ಕೆ ಇನ್ನೂರು ವರ್ಷ ಮೀರಿತ್ತು. ಮ್ಯಾಕ್‌ಫರ್ಸನ್ನನ ‘ಆಸಿಯನ್’ ಕಾವ್ಯ ಕೃತ್ರಿಮವೆಂಬ ಅವನ ಸಂದೇಹ ಬಹುಮಟ್ಟಿಗೆ ಸರಿಯಾಗಿತ್ತು. ಆದರೆ ಒಬ್ಬನ ಕಪಟಕ್ಕಾಗಿ ಒಂದು ಭಾಷೆಯ ಲಿಖಿತ ಪರಂಪರೆಯನ್ನೇ ಅಲ್ಲಗಳೆದದ್ದು ವಿಮರ್ಶಕನಾದವನು ಮಾಡಬಾರದ ಕೆಲಸ.

ಜಾನ್ಸನ್ನನು ಬಾಲ್ಯದಲ್ಲಿ ತಂದೆಯಿಂದ ಪಡೆದು ಓದಿದ ಒಂದು ಪುಸ್ತಕವೇ ಅವನನ್ನು ಈ ದ್ವೀಪಗಳಿಗೆ ಸೆಳೆಯಿತು. ಅದು ಮಾರ್ಟಿನ್ ಮಾರ್ಟಿನ್ ಎಂಬಾತನು 1703ರಲ್ಲಿ ಪ್ರಕಟಿಸಿದ ಪಶ್ಚಿಮ ದ್ವೀಪಗಳ ವರ್ಣನೆ. ಮಾರ್ಟಿನ್ನನು ಸ್ಕೈ ದ್ವೀಪದವನು, ಗೇಲಿಕ್ ಅವನ ತಾಯ್ನುಡಿ. ಯಾವ ಹೊಲಕ್ಕೆ ಯಾವ ಕಡಲಪಾಚಿ ಗೊಬ್ಬರ, ಯಾವ ಬೇರು ಯಾವ ಕಾಯಿಲೆಗೆ ಔಷಧ, ಯಾವ ಕಲ್ಲನ್ನು ಸುತ್ತಿ ದೋಣಿ ಹೊರಡುತ್ತದೆ ಎಂಬುದನ್ನೆಲ್ಲ ಅವನು ಹೇಳುತ್ತಾನೆ. ಅವನ ಗದ್ಯಕ್ಕೆ ಸೌಷ್ಠವವಿಲ್ಲ. ಅಡಕವಿಲ್ಲದೆ ಸುರಿದ ಸಾಮಾನಿನಂತೆ ವಿಷಯಗಳು ಬಿದ್ದಿವೆ. ಆದರೆ ದ್ವೀಪಗಳು ದೂರ ಎಂಬ ಭಾವ ಅವನ ಬರಹದಲ್ಲಿ ಅಪರೂಪ. ಜಾನ್ಸನ್ನನು ಮಾರ್ಟಿನ್ನನ ಮೇಲೆ ಹೊರಿಸಿದ ಆರೋಪ ಬಹಳ ಸೂಕ್ಷ್ಮವಾದದ್ದು, ವಿಮರ್ಶೆಯ ದೃಷ್ಟಿಯಿಂದ ಅಮೂಲ್ಯವಾದದ್ದು: ತನಗೆ ನಿತ್ಯಪರಿಚಿತವಾದದ್ದು ಇತರರಿಗೆ ಅಪರಿಚಿತವಾಗಿರಬಹುದೆಂದು ಮಾರ್ಟಿನ್ನನಿಗೆ ತೋಚಲಿಲ್ಲ, ಆದಕಾರಣ ಕುಲನಾಯಕರ ಆಡಳಿತದ ನಿಜವಾದ ಸ್ವರೂಪವನ್ನು ಅವನು ಬರೆಯದೆ ಹೋದನು. ಹೊರಗಿನವನು ತಡವಾಗಿ ಬರುತ್ತಾನೆ, ಒಳಗಿನವನಿಗೆ ಹೇಳಬೇಕೆನ್ನಿಸುವುದಿಲ್ಲ. ಪ್ರವಾಸಕಥನದ ಸಮಸ್ಯೆಯೆಲ್ಲ ಈ ಎರಡರ ನಡುವೆ ಇದೆ.

ಇನ್ನು ಬಸ್ಸಿಗೆ ಮರಳೋಣ. ನಮ್ಮ ಮಾರ್ಗದರ್ಶಕನು ಸ್ಕಾಟ್ಲೆಂಡಿನ ಬಯಲುಸೀಮೆಯವನು, ಸಜ್ಜನ, ಓದಿಕೊಂಡವನು. ಲೂಯಿಸ್ಸಿನ ಪಶ್ಚಿಮ ಕರಾವಳಿಯ ಕ್ಯಾಲನಿಷ್ ಎಂಬಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆ ನಿಲ್ಲಿಸಿದ ಶಿಲಾವೃತ್ತವಿದೆ. ಹದಿಮೂರು ಕಲ್ಲುಗಳ ನಡುವೆ ಆಳೆತ್ತರದ ಎರಡೂವರೆ ಪಾಲು ನಿಂತ ಒಂದು ಒಂಟಿಗಲ್ಲು. 1857ರಲ್ಲಿ ಅದರ ಬುಡದಿಂದ ಒಂದೂವರೆ ಮೀಟರಿನಷ್ಟು ಜೌಗುಮಣ್ಣನ್ನು ತೆಗೆಯಿಸಿದ ಸಂಗತಿಯನ್ನು ಅವನು ತಪ್ಪಿಲ್ಲದೆ ವಿವರಿಸಿದನು. ಅಲ್ಲಿಂದ ಆರ್ನಲ್ ಗ್ರಾಮದ ‘ಕಪ್ಪು ಮನೆ’. ದಪ್ಪ ಕಲ್ಲುಗೋಡೆ, ಹುಲ್ಲಿನ ಮಾಡು, ಹೊಗೆಗೂಡಿಲ್ಲ. ಮನುಷ್ಯರೂ ದನಗಳೂ ಒಂದೇ ಸೂರಿನ ಕೆಳಗೆ. ನಡುವೆ ಜೌಗಿನಿಂದ ಕಡಿದು ಒಣಗಿಸಿದ ಪೀಟ್ ಹೆಂಟೆಗಳ ಬೆಂಕಿ. 1960ರ ದಶಕದವರೆಗೂ ಅಲ್ಲಿ ಸಂಸಾರ ನಡೆದಿತ್ತು. 1831ರಲ್ಲಿ ಊಯಿಗ್ ಎಂಬಲ್ಲಿ ಸಿಕ್ಕಿದ ಚದುರಂಗದ ಕಾಯಿಗಳ ಕಥೆ, 1919ರ ಹೊಸವರ್ಷದ ನಸುಕಿನಲ್ಲಿ ಯುದ್ಧದಿಂದ ಮನೆಗೆ ಮರಳುತ್ತಿದ್ದ ಇನ್ನೂರಕ್ಕೂ ಹೆಚ್ಚು ಮಂದಿ ಸ್ಟಾರ್ನೊವೇ ಬಂದರಿನ ಬಾಗಿಲಿನಲ್ಲೇ ‘ಅಯೋಲೇರ್’ ಹಡಗಿನೊಡನೆ ಮುಳುಗಿದ ಕಥೆ — ಇವುಗಳನ್ನು ಅವನು ಹೇಳಿದ ರೀತಿಯಲ್ಲಿ ನಮಗೆ ಯಾವ ಆಕ್ಷೇಪವೂ ಇಲ್ಲ. ಎರಡನೆಯದನ್ನು ಹೇಳುವಾಗ ಬಸ್ಸಿನಲ್ಲಿ ಯಾರೂ ಉಸಿರೆತ್ತಲಿಲ್ಲ.

ಆದರೆ ಅವನು ಅತ್ಯಂತ ಪ್ರೀತಿಯಿಂದ, ಅತ್ಯಂತ ದೀರ್ಘವಾಗಿ ಹೇಳಿದ್ದು ಬಸ್ಸು ಹೋಗಲಾರದ ಒಂದು ದ್ವೀಪದ ಕಥೆ. ಸೇಂಟ್ ಕಿಲ್ಡಾ ಉತ್ತರ ಯೂಯಿಸ್ಟಿನಿಂದ ಪಶ್ಚಿಮಕ್ಕೆ ಸುಮಾರು ಅರುವತ್ತನಾಲ್ಕು ಕಿಲೋಮೀಟರು. ಕಡಲಹಕ್ಕಿಗಳನ್ನು ಹಿಡಿದು ಬದುಕುತ್ತಿದ್ದ ಅಲ್ಲಿನ ಕೊನೆಯ ಮೂವತ್ತಾರು ಮಂದಿಯನ್ನು 1930ರ ಆಗಸ್ಟ್ 29ರಂದು ಹಡಗಿನಲ್ಲಿ ಕರೆದೊಯ್ದರು. ಅಲ್ಲಿ ಹುಟ್ಟಿದವರಲ್ಲಿ ಕೊನೆಯವರು 2016ರಲ್ಲಿ ತೀರಿಕೊಂಡರು. ಕಥೆ ಕರುಣಾಜನಕವೇ. ಅದನ್ನು ಹೇಳುವಾಗ ಎರಡು ಸಂಗತಿಗಳನ್ನು ಅವನು ಬಿಟ್ಟನು. ಮೊದಲನೆಯದು, ಸ್ಥಳಾಂತರವನ್ನು ಬೇಡಿ ಅರ್ಜಿಗೆ ಸಹಿ ಮಾಡಿದವರು ದ್ವೀಪದವರೇ. ವಿಧಿ ಅವರನ್ನು ಎತ್ತಿಕೊಂಡು ಹೋಗಲಿಲ್ಲ. ಎರಡನೆಯದು, ಅದಕ್ಕೂ ಹಿಂದೆ ಅರ್ಧ ಶತಮಾನದ ಕಾಲ ಬೇಸಗೆಯಲ್ಲಿ ಪ್ರವಾಸಿಗಳ ಉಗಿಹಡಗುಗಳು ಅಲ್ಲಿಗೆ ಹೋಗುತ್ತಿದ್ದವು. ಬಂದವರು ಜನರನ್ನು ನೋಡಿ, ಹಕ್ಕಿಯ ಮೊಟ್ಟೆಯನ್ನೂ ಉಣ್ಣೆಬಟ್ಟೆಯನ್ನೂ ಕೊಂಡು ಹೋದರು. ಆ ವ್ಯಾಪಾರವೂ ಆ ನೋಟವೂ ಹಳೆಯ ಬದುಕನ್ನು ಸಡಿಲಗೊಳಿಸಿದ ಕಾರಣಗಳಲ್ಲಿ ಸೇರಿವೆ. ಪ್ರವಾಸವು ತನ್ನ ಪಾತ್ರವನ್ನು ತಾನೇ ಕಥೆಯಿಂದ ಅಳಿಸಿಕೊಳ್ಳುವುದು ವಿಚಿತ್ರವಲ್ಲವೆ? ಖಾಲಿಯಾದ ದ್ವೀಪ ನಿರೂಪಕನಿಗೆ ಅನುಕೂಲವಾದ ವಸ್ತು. ಅಲ್ಲಿ ಎದುರಾಡುವವರು ಯಾರೂ ಉಳಿದಿಲ್ಲ.

ವ್ಯಾಕರಣದ ದೃಷ್ಟಿಯಿಂದ ನೋಡಿದರೆ ನಮ್ಮ ಮಾತು ಇನ್ನೂ ಸ್ಪಷ್ಟವಾದೀತು. ಎಂಟು ದಿನಗಳ ಆ ನಿರೂಪಣೆಯ ಕ್ರಿಯಾಪದಗಳು ಬಹುಪಾಲು ಭೂತಕಾಲದವು: ಇಲ್ಲಿ ನೇಯುತ್ತಿದ್ದರು, ಇಲ್ಲಿ ಹಾಡುತ್ತಿದ್ದರು, ಇಲ್ಲಿ ಗೇಲಿಕ್ ಆಡುತ್ತಿದ್ದರು. ವರ್ತಮಾನವೆಲ್ಲ ಹವಾಮಾನಕ್ಕೆ, ಊಟದ ವೇಳೆಗೆ, ಸಮುದ್ರತೀರದ ಬಣ್ಣಕ್ಕೆ ಮೀಸಲು. ಹ್ಯಾರಿಸ್ಸಿನ ಒಂದು ಊರಿನಲ್ಲಿ ಕುರಿಗಳು ದಾರಿಗೆ ಅಡ್ಡವಾಗಿ ಬಸ್ಸು ಐದಾರು ನಿಮಿಷ ನಿಂತಿತು. ರಸ್ತೆಯ ಬದಿಯ ಒಂದು ಕೊಟ್ಟಿಗೆಯಿಂದ ಕಾಲ್ತುಳಿತದ ಮಗ್ಗದ ಸದ್ದು ಕೇಳಿಬರುತ್ತಿತ್ತು. ಹ್ಯಾರಿಸ್ ಟ್ವೀಡ್ ಎಂಬ ಹೆಸರು ಪಡೆಯಬೇಕಾದ ಬಟ್ಟೆಯ ನೂಲಿಗೆ ಬಣ್ಣ ಹಾಕುವುದೂ ನೂಲುವುದೂ ಈ ದ್ವೀಪಗಳಲ್ಲೇ ಆಗಬೇಕು, ನೇಕಾರನು ತನ್ನ ಮನೆಯಲ್ಲೇ ಕೈಮಗ್ಗದಲ್ಲಿ ನೇಯಬೇಕು ಎಂದು 1993ರ ಶಾಸನವೇ ವಿಧಿಸುತ್ತದೆ. ನಮ್ಮ ಮಾರ್ಗದರ್ಶಕನು ಹಿಂದಿನ ದಿನವಷ್ಟೇ ನೇಯ್ಗೆಯ ಗತವೈಭವವನ್ನು ಕುರಿತು ಮಾತನಾಡಿದ್ದನು. ಮಗ್ಗದ ಸದ್ದು ಕೇಳುತ್ತಿರುವಾಗ ಮಾತ್ರ ಮೌನವಾಗಿ ತನ್ನ ಟಿಪ್ಪಣಿಗಳನ್ನು ತಿರುವುತ್ತಿದ್ದನು. ಮುಂದಿನ ನಿಲುಗಡೆ ಅಂಗಡಿಯಾಗಿತ್ತು. ಅಲ್ಲಿ ಅದೇ ಬಟ್ಟೆಯ ಟೋಪಿಗಳನ್ನು ಎಲ್ಲರೂ ಕೊಂಡರು. ನಾವೂ ಒಂದನ್ನು ಕೊಂಡೆವು.

ಬಸ್ಸನ್ನು ನಡೆಸುತ್ತಿದ್ದವನು ಲೂಯಿಸ್ಸಿನವನು. ಇದು ನಮಗೆ ತಿಳಿದದ್ದು ಮೂರನೆಯ ದಿನ. ಲೆವರ್‌ಬರೊ ಹಡಗುಕಟ್ಟೆಯಲ್ಲಿ ಹಗ್ಗ ಹಿಡಿದಿದ್ದವನೊಡನೆ ಅವನು ಗೇಲಿಕ್ಕಿನಲ್ಲಿ ಮಾತನಾಡಿ ನಗುತ್ತಿದ್ದನು. ಆ ಭಾಷೆಯನ್ನು ನಾವು ಆ ಪ್ರವಾಸದಲ್ಲಿ ಜೀವಂತವಾಗಿ ಕೇಳಿದ್ದು ಅದೇ ಮೊದಲು. ರಸ್ತೆಯ ನಾಮಫಲಕಗಳ ಮೇಲೆ ಮಾತ್ರ ಅದನ್ನು ಓದುತ್ತಾ ಬಂದಿದ್ದೆವು. ಹಡಗಿನ ಮೇಲೆ ನಾವು ಅವನ ಪಕ್ಕದಲ್ಲಿ ನಿಂತು ಕೇಳಿದೆವು: ಈ ಊರುಗಳನ್ನು ಕುರಿತು ನಿಮಗೆ ಇಷ್ಟು ತಿಳಿದಿರುವಾಗ ನೀವೇಕೆ ಏನನ್ನೂ ಹೇಳುವುದಿಲ್ಲ? ಹೇಳುವುದಕ್ಕೆ ಇಲ್ಲಿ ಅಂಥದ್ದೇನೂ ಇಲ್ಲವೆಂದು ಅವನು ಉತ್ತರಿಸಿದನು. ಆಮೇಲೆ ಒಂದು ಗಂಟೆಯ ಕಾಲ, ಹಡಗು ಬಂಡೆಗಳ ನಡುವೆ ಹಾವಿನಂತೆ ಹೊರಳುತ್ತಾ ಸಾಗುತ್ತಿದ್ದಾಗ, ಒಂದೊಂದು ಬಂಡೆಯ ಹೆಸರನ್ನೂ ಅದು ಏಕೆ ಬಂದಿತೆಂಬುದನ್ನೂ, ಯಾವ ಕುರುಚಲು ದ್ವೀಪದಲ್ಲಿ ಯಾರ ಕುರಿಗಳು ಮೇಯುತ್ತವೆ ಎಂಬುದನ್ನೂ ಹೇಳಿದನು. ಮಾರ್ಟಿನ್ನನನ್ನು ಕುರಿತ ಜಾನ್ಸನ್ನನ ಟೀಕೆ ಎಷ್ಟು ನಿಜವೆಂಬುದು ನಮಗೆ ಅಂದು ಮನದಟ್ಟಾಯಿತು. ಬಸ್ಸಿಗೆ ಮರಳಿದ ಕೂಡಲೆ ಅವನು ಚಕ್ರವನ್ನು ಹಿಡಿದನು, ಧ್ವನಿವರ್ಧಕ ಇನ್ನೊಬ್ಬನ ಕೈಗೆ ಹೋಯಿತು.

ಇದು ಕೇವಲ ಪ್ರವಾಸಿಗಳ ಕುತೂಹಲಕ್ಕೆ ಸಂಬಂಧಿಸಿದ ವಿಷಯವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. 2011ರ ಜನಗಣತಿಯಲ್ಲಿ ಹೊರ ಹೆಬ್ರಿಡೀಸಿನ ಜನರಲ್ಲಿ ಶೇಕಡ 52ರಷ್ಟು ಮಂದಿ ಗೇಲಿಕ್ ಮಾತನಾಡಬಲ್ಲವರಾಗಿದ್ದರು. 2022ರಲ್ಲಿ ಆ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಒಟ್ಟು ಜನಸಂಖ್ಯೆಯೇ ಸುಮಾರು 26,000. ಇಷ್ಟು ಮಂದಿಯ ನಡುವೆ ನಿಂತು, ಅವರ ಭಾಷೆ ‘ಇತ್ತು’ ಎಂದು ಹೇಳುವ ವಾಕ್ಯ ವರ್ಣನೆಯಾಗಿ ಉಳಿಯುವುದಿಲ್ಲ. ಅದು ತನ್ನ ಪಾಲಿನ ಕೆಲಸವನ್ನು ಮಾಡುತ್ತದೆ. ನೆಲದ ಕಥೆಯೂ ಹೀಗೆಯೇ. 1851ರಲ್ಲಿ ದಕ್ಷಿಣ ಯೂಯಿಸ್ಟ್, ಬಾರಾ ಮೊದಲಾದ ಕಡೆಗಳಿಂದ ಕ್ಲೂನಿಯ ಗಾರ್ಡನ್ ಎಂಬ ಜಮೀನುದಾರನು ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಕ್ಕಲೆಬ್ಬಿಸಿ ಕೆನಡಕ್ಕೆ ಸಾಗಿಸಿದ್ದನ್ನು ಮಾರ್ಗದರ್ಶಕನು ಮನಮುಟ್ಟುವಂತೆ ಹೇಳಿದನು. ಅಲ್ಲಿಗೇ ನಿಲ್ಲಿಸಿದನು. 1886ರ ಶಾಸನ ಸಣ್ಣ ಹಿಡುವಳಿಯ ಗೇಣಿದಾರರಿಗೆ ಭೂಮಿಯ ಭದ್ರತೆ ಕೊಟ್ಟದ್ದು, 2006ರಲ್ಲಿ ಅದೇ ದಕ್ಷಿಣ ಯೂಯಿಸ್ಟಿನ ಜಹಗೀರನ್ನು — ಸುಮಾರು 93,000 ಎಕರೆ — ಅಲ್ಲಿನ ನಿವಾಸಿಗಳ ಸಂಸ್ಥೆಯೇ ಕೊಂಡುಕೊಂಡದ್ದು, ಅವನ ಕಥೆಯಲ್ಲಿ ಬರಲಿಲ್ಲ. ಒಕ್ಕಲೆಬ್ಬಿಸಿದ್ದನ್ನು ಹೇಳಿ ಒಕ್ಕಲು ಮರಳಿ ಭೂಮಿಯ ಒಡೆತನ ಪಡೆದದ್ದನ್ನು ಹೇಳದಿದ್ದರೆ ಕಥೆ ಅರ್ಧವಾಗುವುದಷ್ಟೇ ಅಲ್ಲ, ಸುಳ್ಳಾಗುತ್ತದೆ. ಹಡಗುಗಳ ವಿಷಯವನ್ನೂ ನೋಡಿ. ಹಡಗು ತಡವಾದರೆ ಬಸ್ಸಿನವರಿಗೆ ಒಂದು ಊಟ ತಪ್ಪುತ್ತದೆ. 2023ರ ಜೂನ್ ತಿಂಗಳಿನ ಬಹುಭಾಗ ದಕ್ಷಿಣ ಯೂಯಿಸ್ಟಿನ ಲಾಕ್‌ಬಾಯ್ಸ್‌ಡೇಲಿಗೆ ಹಡಗೇ ಇರಲಿಲ್ಲ; ಜನ ಬಂದರಿಗೆ ಬಂದು ಪ್ರತಿಭಟಿಸಿದರು. ದೂರವೆಂಬುದು ಭೂಗೋಳದ ಗುಣವಲ್ಲ, ಆಡಳಿತದ ಫಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಗಾದರೆ ನಿರೂಪಣೆಗೆ ಬೇರೆ ಮಾದರಿಯಿದೆಯೆ? ಇದೆ; ಕುತೂಹಲದ ಸಂಗತಿಯೆಂದರೆ ಅದನ್ನು ನಮ್ಮ ನಾಡಿನಲ್ಲಿ ಪ್ರಯೋಗಿಸಿದವನು ಸ್ಟಾರ್ನೊವೇಯವನೇ. ಕರ್ನಲ್ ಕಾಲಿನ್ ಮೆಕೆಂಜಿಯು 1754ರ ಸುಮಾರಿಗೆ ಅಲ್ಲಿ ಹುಟ್ಟಿದನು. ಜಾನ್ಸನ್ನನು ಸ್ಕೈ ದ್ವೀಪದಲ್ಲಿ ಅಲೆಯುತ್ತಿದ್ದಾಗ ಮೆಕೆಂಜಿಯು ಇಪ್ಪತ್ತರ ಹರೆಯದ ಆಸುಪಾಸಿನಲ್ಲಿದ್ದನು. 1799ರಲ್ಲಿ ಟಿಪ್ಪುಸುಲ್ತಾನನ ಪತನವಾದ ಬಳಿಕ ಮೈಸೂರು ಸೀಮೆಯ ಮೋಜಣಿಯನ್ನು ಅವನಿಗೆ ವಹಿಸಿದರು. ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಸೋದರರು, ಮಲೆಯೂರಿನ ಜೈನ ವಿದ್ವಾಂಸ ಧರ್ಮಯ್ಯ ಮೊದಲಾದವರ ನೆರವಿನಿಂದ ಅವನು ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದನು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕೈಫಿಯತ್ತುಗಳನ್ನು ಓದಿದವರಿಗೆ ಅವುಗಳ ರೀತಿ ತಿಳಿದಿದೆ: ಊರಿನ ಹೆಸರು ಹೇಗೆ ಬಂದಿತು, ಕೆರೆಯನ್ನು ಕಟ್ಟಿಸಿದವರು ಯಾರು, ಮಾನ್ಯ ಯಾರದು, ಬೆಳೆ ಏನು — ಊರಿನ ಶಾನುಭೋಗನೋ ಹಿರಿಯನೋ ಊರಿನ ನಡುವೆ ಕುಳಿತು ಬರೆಸಿದ ಮಾತು. ಮೆಕೆಂಜಿಯ ಉದ್ದೇಶದಲ್ಲಿ ಸಾಮ್ರಾಜ್ಯದ ಪ್ರಯೋಜನ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಗೆದ್ದವರ ಮೋಜಣಿ ಅದು. ಕೈಫಿಯತ್ತುಗಳಲ್ಲಿ ದಂತಕಥೆಯೂ ಉತ್ಪ್ರೇಕ್ಷೆಯೂ ಸಾಕಷ್ಟಿವೆ. ಆದರೂ ಅಲ್ಲಿ ಕೇಳುವವನು ಹೊರಗಿನವನು, ಹೇಳುವವನು ಒಳಗಿನವನು. ಜಾನ್ಸನ್ನನ ತಡವೂ ಮಾರ್ಟಿನ್ನನ ಮೌನವೂ ಒಂದನ್ನೊಂದು ಪರಿಹರಿಸಿಕೊಳ್ಳುವ ಏರ್ಪಾಡು ಇದು. ಯಾವ ಕೈಫಿಯತ್ತಿನಲ್ಲಿಯೂ ತನ್ನ ಊರು ದೂರವೆಂದು ಬರೆಸಿದವನನ್ನು ನಾವು ಕಂಡಿಲ್ಲ. ಸ್ಟಾರ್ನೊವೇಯಲ್ಲಿ ನಾವು ಎರಡು ರಾತ್ರಿ ತಂಗಿದ್ದೆವು. ಮೆಕೆಂಜಿಯ ಹೆಸರನ್ನು ಯಾರೂ ಎತ್ತಲಿಲ್ಲ. ನಾವೇ ಎತ್ತಬಹುದಿತ್ತು, ಸಂಕೋಚದಿಂದ ಸುಮ್ಮನಿದ್ದೆವು.

ಕೊನೆಯ ದಿನ ಸ್ಕೈ ದ್ವೀಪದಲ್ಲಿ, ಪೋರ್ಟ್‌ರೀಯಿಂದ ದಕ್ಷಿಣಕ್ಕೆ ಬರುವಾಗ, ಸ್ಕಾನ್ಸರ್ ಎಂಬಲ್ಲಿ ಎಡಗಡೆಯ ಕಡಲಿನಾಚೆ ರಾಸೇ ದ್ವೀಪ ಕಾಣಿಸಿತು. 1773ರ ಸೆಪ್ಟೆಂಬರಿನಲ್ಲಿ ಜಾನ್ಸನ್ನನು ಅಲ್ಲಿ ಕೆಲವು ದಿನ ಅತಿಥಿಯಾಗಿದ್ದುದನ್ನೂ, ಆ ಮನೆಯ ಹತ್ತು ಹೆಣ್ಣುಮಕ್ಕಳನ್ನೂ, ಪ್ರತಿ ರಾತ್ರಿಯ ನೃತ್ಯವನ್ನೂ, ಬಾಸ್‌ವೆಲ್ಲನು ಡನ್ ಕ್ಯಾನ್ ಬೆಟ್ಟದ ನೆತ್ತಿಯ ಮೇಲೆ ಕುಣಿದುದನ್ನೂ ಮಾರ್ಗದರ್ಶಕನು ರಸವತ್ತಾಗಿ ವರ್ಣಿಸಿದನು. ಎಲ್ಲರೂ ನಕ್ಕರು. ಬಸ್ಸು ನಿಲ್ಲಲಿಲ್ಲ.

ಆ ನೃತ್ಯ ನಡೆದು ಎಂಬತ್ತು ವರ್ಷಗಳಾಗುವಷ್ಟರಲ್ಲಿ ರಾಸೇ ದ್ವೀಪದ ಹೊಸ ಒಡೆಯನಾದ ಜಾರ್ಜ್ ರೇನಿ ಎಂಬವನು ಊರೂರುಗಳನ್ನೇ ತೆರವು ಮಾಡಿಸಿದನು. ಹಾಗೆ ಪಾಳುಬಿದ್ದವುಗಳಲ್ಲಿ ಹಲ್ಲೇಗ್ ಒಂದು. ಅದೇ ದ್ವೀಪದಲ್ಲಿ 1911ರಲ್ಲಿ ಹುಟ್ಟಿದ ಸಾರ್ಲಿ ಮೆಕ್ಲೇನನು 1954ರಲ್ಲಿ ಆ ಊರಿನ ಹೆಸರಿನಲ್ಲಿ ಪ್ರಕಟಿಸಿದ ಗೇಲಿಕ್ ಕವನ ಇಪ್ಪತ್ತನೆಯ ಶತಮಾನದ ಶ್ರೇಷ್ಠ ಕವನಗಳಲ್ಲಿ ಒಂದೆಂದು ಬಲ್ಲವರ ಅಭಿಪ್ರಾಯ. ಅದರಲ್ಲಿ ಊರನ್ನು ಬಿಟ್ಟುಹೋದವರು, ಸತ್ತವರು, ಈಗ ಕಣ್ಣೆದುರಿಗೆ ನಡೆದು ಬರುತ್ತಾರೆ. ಹುಡುಗಿಯರು ಬರ್ಚ್ ಮರಗಳ ತೋಪಾಗಿ ನಿಲ್ಲುತ್ತಾರೆ. ವಸ್ತು ಖಾಲಿಯಾದ ಊರೇ, ಕಾಲ ಮಾತ್ರ ವರ್ತಮಾನ. ಬಸ್ಸಿನ ನಿರೂಪಣೆ ಬದುಕಿರುವವರನ್ನು ಭೂತಕಾಲಕ್ಕೆ ತಳ್ಳುತ್ತಿದ್ದರೆ ಕವಿಯು ಇಲ್ಲದವರನ್ನು ವರ್ತಮಾನಕ್ಕೆ ಕರೆದುಕೊಂಡು ಬರುತ್ತಾನೆ. ಒಂದೇ ವಿಷಾದದ ಎರಡು ವಿನಿಯೋಗಗಳು. ಎರಡರ ನಡುವೆ ಆರಿಸಿಕೊಳ್ಳುವ ಸ್ವಾತಂತ್ರ್ಯ ಮಾರ್ಗದರ್ಶಕನಿಗೂ ಇದೆ.

ರಾಸೇ ದ್ವೀಪದ ಉತ್ತರ ತುದಿಯ ಆರ್ನಿಷ್ ಎಂಬ ಊರಿಗೆ ರಸ್ತೆ ಬೇಕೆಂದು ಅಲ್ಲಿನವರು ದಶಕಗಳ ಕಾಲ ಬೇಡಿದರು, ಸರಕಾರ ಕೊಡಲಿಲ್ಲ. ಹಿಡುವಳಿದಾರನೂ ಅಂಚೆಯವನೂ ಆಗಿದ್ದ ಕಾಲಮ್ ಮೆಕ್ಲಾಯ್ಡ್ ಎಂಬಾತನು ರಸ್ತೆ ಕಟ್ಟುವ ವಿಧಾನವನ್ನು ಕುರಿತ ಹಳೆಯ ಪುಸ್ತಕವೊಂದನ್ನು ಕೊಂಡು ಓದಿ, ಗುದ್ದಲಿ, ಸನಿಕೆ, ಕೈಗಾಡಿಗಳೊಡನೆ 1960ರ ದಶಕದ ಮಧ್ಯದಲ್ಲಿ ಒಬ್ಬನೇ ಕೆಲಸ ಆರಂಭಿಸಿದನು. ಸುಮಾರು ಹತ್ತು ವರ್ಷಗಳಲ್ಲಿ ಒಂದೂ ಮುಕ್ಕಾಲು ಮೈಲಿ ರಸ್ತೆ ಮುಗಿಯಿತು. ಅಷ್ಟರಲ್ಲಿ ಆರ್ನಿಷಿನಲ್ಲಿ ಉಳಿದಿದ್ದವರು ಅವನೂ ಅವನ ಹೆಂಡತಿಯೂ ಮಾತ್ರ. ಮುಂದೆ ಸ್ಥಳೀಯ ಆಡಳಿತವು ಅದಕ್ಕೆ ಡಾಂಬರು ಹಾಕಿಸಿತು. ಆ ರಸ್ತೆ ಬಹಳ ಕಿರಿದು, ತಿರುವುಗಳು ಕಡಿದು. ನಮ್ಮಂಥ ಬಸ್ಸು ಅದರ ಮೇಲೆ ಹೋಗಲಾರದು.